ದೂತನ ಪಾರ್ಟು

ಬೇಸಿಗೆಯ ಸೂಟಿಗೆ ಅಂಬ್ರಪ್ಪ ಮಾಸ್ತರ ಹೆಂಡತಿಯನ್ನು ಕರೆದುಕೊಂಡು ದೋರನಹಳ್ಳಿಗೆ ಬರುತ್ತಾನೆಂದು ತಿಳಿದಾಗಿನಿಂದ ಆ ಮನೆಯವರು ಒಬ್ಬೊಬ್ಬರೂ ಒಂದೊಂದು ಆಸೆ ಕಟ್ಟಿಕೊಂಡು ಕೂತಿದ್ದರು. ತಾಯಿ ಮರಿಲಿಂಗಮ್ಮನದು ಮನೆಯ ಮೇಲಿನ ಮಣ್ಣಿನ ಮಾಳಿಗೆಯ ಚಿಂತೆ. ಹೋದ ಮಳೆಗಾಲದಲ್ಲಿ ಅಡುಗೆಯ ಮೂಲೆ ಸೋರಿ ಮಣ್ಣಿನ ಒಲೆಯೇ ಕರಗಿ ಕೂತಿತ್ತು. ಹಳ್ಳದ ದಂಡೆಯ ಕರಲು ಮಣ್ಣು ತಂದು ಮಾಳಿಗೆಗೆ ಹೊದಿಸಿದರೆ ಮನೆ ಉಳಿದೀತು. ಅದಕ್ಕೆ ಗಟ್ಟಿ ತೋಳಿನ ಮಗ ಬೇಕಾಗಿತ್ತು. ಸೊಸೆ ದೇವಕಮ್ಮನದು ತವರಿನ ಆಸೆ. ಯಾದಗಿರಿಯ ಒಂದೇ ಖೋಲಿಯ ಬಾಡಿಗೆ ಮನೆಯಲ್ಲಿ ವರ್ಷವೆಲ್ಲ ಬೆವರಿದವಳು ಅವಳು. ಬೋನಾಳಕ್ಕೆ ಹೋಗಿ ತಾಯಿ ಬಡಿದ ರೊಟ್ಟಿ ತಿಂದು, ಕೆರೆಯ ಕಡೆಯ ಗಾಳಿಗೆ ಮಲಗಿ, ಬಿಸಿಲು ಮೈಗೆ ಬರುವ ತನಕ ಏಳಬಾರದು ಎಂದುಕೊಂಡಿದ್ದಳು. ಅಂಬ್ರಪ್ಪನ ಆಸೆ ಬೇರೆ. ಅವನು ಒಂದು ನಾಟಕ ಬರೆದಿದ್ದ. ಸೂಟಿ ಮುಗಿಯುವುದರೊಳಗೆ ಅದನ್ನು ತನ್ನ ಕೇರಿಯವರಿಂದ, ತನ್ನ ಕೇರಿಯಲ್ಲೇ, ಮರಗಮ್ಮನ ಗುಡಿಯ ಮುಂದೆ ಆಡಿಸಬೇಕೆಂದಿದ್ದ.

ಮುದುಕ ಮರಿಲಿಂಗಪ್ಪನಿಗೆ ಮಾತ್ರ ಯಾವ ಆಸೆಯೂ ಇರಲಿಲ್ಲ. ಮಗ ಕಣ್ಣ ಮುಂದೆ ಓಡಾಡಿಕೊಂಡು ಇದ್ದರೆ ಸಾಕು ಎಂದಿದ್ದ.

ನಿಜಾಮನ ಆಳಿಕೆ ಹೋಗಿ ಐದಾರು ವರ್ಷವಾಗಿತ್ತು. ಶಾಲೆಗಳಲ್ಲಿ ಉರ್ದು ಹಿಂದೆ ಸರಿದು ಕನ್ನಡ ಮುಂದೆ ಬಂದಿತ್ತು. ಉರ್ದುವಿನಲ್ಲೇ ಓದಿ ಬೆಳೆದ ಅಂಬ್ರಪ್ಪ ಹಟ ಹಿಡಿದು ಕನ್ನಡ ಕಲಿತಿದ್ದ. ತಡವಾಗಿ ಹುಟ್ಟಿದ ಮಗುವನ್ನು ಮುದ್ದು ಮಾಡುವಂತೆ ಅವನು ಆ ಭಾಷೆಯನ್ನು ಮುದ್ದು ಮಾಡುತ್ತಿದ್ದ. ಅವನ ನಾಟಕದಲ್ಲಿ ಯಾರೂ ನೀರು ಕುಡಿಯುವುದಿಲ್ಲ, ಜಲಪಾನ ಮಾಡುತ್ತಾರೆ. ಯಾರೂ ನಡೆಯುವುದಿಲ್ಲ, ಪಾದ ಬೆಳೆಸುತ್ತಾರೆ. ರಾಜಕುಮಾರ ರತ್ನಶೇಖರ ಯುದ್ಧದಲ್ಲಿ ಮಡಿಯುತ್ತಾನೆ, ಸುದ್ದಿ ಕೇಳಿ ರಾಣಿ ಎದೆಯೊಡೆದು ಸಾಯುತ್ತಾಳೆ, ರಾಜನಿಗೆ ಹುಚ್ಚು ಹಿಡಿಯುತ್ತದೆ. ಕಡೆಗೆ ಮಂಗಳ ಹಾಡುವುದಕ್ಕಾದರೂ ನಾಲ್ಕು ಜನ ಉಳಿದಾರೋ ಇಲ್ಲವೋ ಎಂದು ದೇವಕಮ್ಮ ಗಂಡನನ್ನು ಕೆಣಕುತ್ತಿದ್ದಳು.

ಬಂದ ದಿನದ ಸಂಜೆಯ ಊಟಕ್ಕೆ ಬಿಸಿ ರೊಟ್ಟಿ, ಖಾರಬ್ಯಾಳಿ, ಶೇಂಗಾ ಹಿಂಡಿ ಇತ್ತು. ಅಂಬ್ರಪ್ಪನಿಗೆ ಊಟ ಮುಗಿಯುವ ತನಕ ತಾಳ್ಮೆ ಉಳಿಯಲಿಲ್ಲ. ಎಡಗೈಯಲ್ಲಿ ನಾಟಕದ ಪುಸ್ತಕ ಹಿಡಿದು, ದೂತನು ರಾಣಿಗೆ ಮಗನ ಮರಣವಾರ್ತೆ ಹೇಳುವ ಭಾಗವನ್ನು ಓದಿದ.

"ಹಾ, ಮಹಾಮಾತೆಯೇ! ನಡುಹಗಲಿನಲ್ಲಿಯೇ ಸೂರ್ಯನು ಅಸ್ತಮಿಸಿದನು! ನಿನ್ನ ಉದರದಲ್ಲಿ ಉದಿಸಿ ನಿನ್ನ ಮಡಿಲಿನಲ್ಲಿ ಬೆಳೆದ ರಾಜಕುಮಾರ ರತ್ನಶೇಖರನು ಇನ್ನಿಲ್ಲ! ಆ ವಾರ್ತೆಯನ್ನು ಹೊತ್ತು ತಂದ ಪಾಪಿಯು ನಾನು. ನನ್ನ ಕಾಲುಗಳು ಮುರಿಯಲಿಲ್ಲ, ನನ್ನ ನಾಲಿಗೆಯು ಸೀಳಲಿಲ್ಲ. ನಿನ್ನ ಕಣ್ಣೀರಿನ ಮುಂದೆ ನಿಂತಿದ್ದೇನೆ ತಾಯೇ, ನನ್ನನ್ನು ಶಪಿಸು!"

ಮರಿಲಿಂಗಪ್ಪನ ಕೈಯಲ್ಲಿನ ತುತ್ತು ಬಾಯಿಗೆ ಹೋಗಲಿಲ್ಲ. ಇನ್ನೊಮ್ಮೆ ಓದು ಎಂದ. ಅಂಬ್ರಪ್ಪ ಹಿಗ್ಗಿ ಇನ್ನೊಮ್ಮೆ ಓದಿದ.

"ಈ ದೂತ ಸುದ್ದಿ ಹೇಳಿ ತಿರುಗಿ ಹೋಗೂದಿಲ್ಲೇನು?" ಎಂದು ಮುದುಕ ಕೇಳಿದ.

"ಇಲ್ಲಪ್ಪಾ. ರಾಣಿ ಅಳೂತನಕ ಅಲ್ಲೇ ನಿಂದ್ರತಾನ."

"ಆಕಿ ಎದುರಿಗೇನಾ?"

"ಎದುರಿಗೇ."

ಮರಿಲಿಂಗಪ್ಪ ರೊಟ್ಟಿಯನ್ನು ತಾಟಿನಲ್ಲಿ ಇಟ್ಟ. "ಈ ಪಾರ್ಟು ನನಗ ಕೊಡು" ಎಂದ.

ಮರಿಲಿಂಗಮ್ಮ ಗಂಡನ ಮುಂದಿನ ತಾಟನ್ನು ಎತ್ತಿಕೊಂಡು ಹೊರಗೆ ಹೋಗಿ, ಉಳಿದ ರೊಟ್ಟಿಯನ್ನು ನಾಯಿಗೆ ಹಾಕಿ ಬಂದಳು. ಅವಳು ಅನ್ನಕ್ಕೆ ಅವಮಾನ ಮಾಡುವ ಹೆಂಗಸಲ್ಲ. ಅವಳ ಸಿಟ್ಟು ಎಷ್ಟಿತ್ತೆಂದು ಅದರಿಂದಲೇ ತಿಳಿಯಬೇಕು.

ಆ ಸಿಟ್ಟಿಗೆ ಕಾರಣ ಇತ್ತು. ಊರಲ್ಲಿ ಯಾರಾದರೂ ತೀರಿಕೊಂಡರೆ ಪರವೂರಿನ ನೆಂಟರಿಗೆ ಸುದ್ದಿ ಒಯ್ಯುವುದು ಮರಿಲಿಂಗಪ್ಪನ ಮನೆತನದ ಚಾಕರಿ. ಅಪ್ಪನಿಂದ ಬಂದದ್ದು, ಅಪ್ಪನಿಗೆ ಅವನ ಅಪ್ಪನಿಂದ ಬಂದದ್ದು. ಅದಕ್ಕೊಂದು ಪದ್ಧತಿ ಇತ್ತು. ನೆಂಟರ ಮನೆಯ ಕಟ್ಟೆ ಮುಟ್ಟದೆ ಓಣಿಯಲ್ಲೇ ನಿಲ್ಲಬೇಕು. ಕೈಕೋಲು ನೆಲಕ್ಕೆ ಇಡಬೇಕು. ಸತ್ತರು ಎನ್ನಬಾರದು, ಸತ್ತವರ ಹೆಸರು ಹಿಡಿಯಬಾರದು. "ನಿಮ್ಮ ಅಣ್ಣನವರಿಗೆ ಹೆಚ್ಚು ಕಡಿಮಿ ಆಗ್ಯಾದರಿ, ಬರಬೇಕಂತ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ, ಆ ಮನೆಯ ಒಂದು ಗುಟುಕು ನೀರೂ ಕುಡಿಯದೆ, ಹಿಂದಿರುಗಿ ನೋಡದೆ ಬಂದುಬಿಡಬೇಕು. ನಿಂತರೆ ಸಾವು ಬೆನ್ನು ಹತ್ತುತ್ತದೆ ಎಂದು ಹಿರಿಯರು ಹೇಳಿದ್ದರು. ಮರಿಲಿಂಗಪ್ಪ ಬುದ್ಧಿ ಬಂದಾಗಿನಿಂದ ಹಾಗೆಯೇ ಮಾಡಿಕೊಂಡು ಬಂದಿದ್ದ.

ನಿಜಾಮನ ಆಳಿಕೆ ಹೋಗುವಾಗ ಊರೂರು ಹೊತ್ತಿ ಉರಿದ ಆ ಗದ್ದಲದ ವರ್ಷ ಅವನ ದೊಡ್ಡ ಮಗ ದ್ಯಾವಪ್ಪ ಯಾದಗಿರಿಯಲ್ಲಿ ಹಮಾಲಿ ಮಾಡಿಕೊಂಡಿದ್ದ. ಅಲ್ಲಿ ವಾಂತಿಭೇದಿ ಬಂತು. ಅದರಲ್ಲೇ ಅವನು ಹೋದ. ಮರಿಲಿಂಗಪ್ಪ ಅಂದು ಇನ್ನಾರದೋ ಸಾವಿನ ಸುದ್ದಿ ಮುಟ್ಟಿಸಲು ಶಹಾಪುರಕ್ಕೆ ಹೋಗಿದ್ದ. ಯಾದಗಿರಿಯಿಂದ ಬಂಡಿ ಹೊಡೆದುಕೊಂಡು ಬಂದ ಮಸ್ತಾನಸಾಬ ಪೇಟೆಯಲ್ಲಿ ಅವನ ಕೈ ಹಿಡಿದು, ನಿನ್ನ ದ್ಯಾವಪ್ಪ ಹೋದನಪ್ಪಾ ಎಂದ. ಊರಿಗೆಲ್ಲ ಸುದ್ದಿ ಒಯ್ಯುವವನಿಗೆ ತನ್ನ ಮನೆಯ ಸುದ್ದಿ ಪೇಟೆಯಲ್ಲಿ ಸಿಕ್ಕಿತು. ಅವನು ಊರಿಗೆ ನಡೆದು ಬಂದ. ಬಂದವನು ತನ್ನ ಮನೆಯ ಮುಂದೆ ಓಣಿಯಲ್ಲೇ ನಿಂತ. ಕೈಕೋಲು ನೆಲಕ್ಕೆ ಇಟ್ಟ. ಬಾಗಿಲಿಗೆ ಬಂದ ಹೆಂಡತಿಗೆ ಪರರ ಮನೆಯ ಮುಂದೆ ಹೇಳುವ ಹಾಗೆಯೇ ಹೇಳಿ, ತಿರುಗಿ ಯಾದಗಿರಿಯ ಹಾದಿ ಹಿಡಿದ. ಹಳ್ಳ ದಾಟಿದ ಮೇಲೆ ತಾನು ಮಾಡಿದ್ದು ಏನೆಂದು ಅವನಿಗೆ ತಿಳಿಯಿತು. ಕಾಲು ಮಾತ್ರ ಮುಂದೆಯೇ ಹೋಗುತ್ತಿತ್ತು.

ಅಂದಿನಿಂದ ಮರಿಲಿಂಗಮ್ಮ ಗಂಡನಿಗೆ ರೊಟ್ಟಿ ಬಡಿದಿದ್ದಾಳೆ, ಜ್ವರ ಬಂದಾಗ ತಲೆಗೆ ಎಣ್ಣೆ ಒತ್ತಿದ್ದಾಳೆ. ದ್ಯಾವಪ್ಪನ ಹೆಸರು ಮಾತ್ರ ಎತ್ತಿಲ್ಲ. ಸತ್ತವರನ್ನು ಹಾಡಿಕೊಂಡು ಅಳುವುದು ಆ ಸೀಮೆಯ ಹೆಂಗಸರ ಪದ್ಧತಿ. ಮಗ ಸತ್ತ ತಾಯಿ ಒಂದು ಸೊಲ್ಲು ಹಾಡಲಿಲ್ಲ, ಒಂದು ಹನಿ ಹಾಕಲಿಲ್ಲ ಎಂದು ಕೇರಿಯವರು ಮೊದಮೊದಲು ಆಡಿಕೊಂಡರು, ಆಮೇಲೆ ಮರೆತರು.

ಅಪ್ಪನಿಗೆ ದೂತನ ಪಾರ್ಟು ಕೊಡಲು ಅಂಬ್ರಪ್ಪನಿಗೂ ಮನಸ್ಸಿರಲಿಲ್ಲ. ಅವನ ಸಂಕಟ ಬೇರೆ. ಸರ್ಕಾರ ಬದಲಾಯಿತು, ಬಿಟ್ಟಿ ಚಾಕರಿ ಬಿಡು ಎಂದು ಅವನು ಅಪ್ಪನಿಗೆ ಎಷ್ಟೋ ಸಲ ಹೇಳಿದ್ದ. ಈಗ ನಾಟಕದಲ್ಲೂ ಅದನ್ನೇ ಮಾಡಿಸಿದರೆ ಮೇಲಿನ ಓಣಿಯವರು ನಗುವುದಿಲ್ಲವೇ?

"ರಾಜನ ಪಾರ್ಟು ಮಾಡಪ್ಪಾ. ಸಿಂಹಾಸನದ ಮ್ಯಾಲ ಕೂಡು" ಎಂದ.

"ರಾಜ ಏನು ಹೇಳತಾನ?"

"ಹುಚ್ಚನಾಗಿ ನಗತಾನ."

"ನಗೂದು ಬ್ಯಾಡ ನನಗ. ದೂತಂದೇ ಬೇಕು."

ಕಡೆಗೆ ಅಂಬ್ರಪ್ಪ ಒಪ್ಪಿಕೊಂಡ. ಓದು ಬರದ ಅಪ್ಪನಿಗೆ ಮಾತುಗಳನ್ನು ಬಾಯಿಪಾಠ ಮಾಡಿಸತೊಡಗಿದ. ಆದರೆ ಮರಿಲಿಂಗಮ್ಮ ಮನೆಯಲ್ಲಿ ತಾಲೀಮು ನಡೆಸಲು ಬಿಡಲಿಲ್ಲ. ಈ ಮನ್ಯಾಗ ಆ ಮಾತು ಬ್ಯಾಡ, ಆಡೂದಿದ್ದರ ಹೊರಗ ಹೋಗಿ ಆಡ್ರಿ ಎಂದಳು. ಅವಳ ಮಾತಿಗೆ ಎದುರಾಡುವ ಧೈರ್ಯ ಮಾಸ್ತರನಿಗೂ ಇರಲಿಲ್ಲ.

ಹಾಗಾಗಿ ತಾಲೀಮು ಹಳ್ಳಕ್ಕೆ ಹೋಯಿತು. ಅದರಿಂದ ಮರಿಲಿಂಗಮ್ಮನ ಕೆಲಸವೂ ಅರ್ಧ ಆಯಿತು. ಅಪ್ಪ ಮಗ ಇಬ್ಬರೂ ಬೆಳಿಗ್ಗೆ ಬಿಸಿಲು ಏರುವ ಮುಂಚೆ ಬುಟ್ಟಿ ಸಲಿಕೆ ಹಿಡಿದು ಹೋಗುತ್ತಿದ್ದರು. ಅಂಬ್ರಪ್ಪ ಕರಲು ಮಣ್ಣು ಅಗೆಯುತ್ತ ಒಂದು ಸಾಲು ಹೇಳುವನು, ಮರಿಲಿಂಗಪ್ಪ ಬುಟ್ಟಿ ತುಂಬುತ್ತ ಅದನ್ನೇ ಹೇಳುವನು. ರಾಣಿಯ ವೇಷ ಹಾಕುವ ಲಾಡ್ಲೇಸಾಬ ಹೊತ್ತು ಸಿಕ್ಕಾಗ ಅಲ್ಲಿಗೇ ಬರುತ್ತಿದ್ದ. ಅವನು ಊರಿನ ದರ್ಜಿ. ಸಣ್ಣ ದನಿಯವನು, ಎಂಥ ಕಲ್ಲೆದೆಯವನನ್ನೂ ಅಳಿಸುವವನು. ಅಸ್ತಮಿಸಿದನು ಎಂಬುದು ಮುದುಕನ ಬಾಯಿಗೆ ಬರಲು ನಾಲ್ಕು ದಿನ ಬೇಕಾಯಿತು. ಬಂದ ಮೇಲೆ ಮಾತ್ರ ಅದು ಅವನ ಬಾಯಿಂದ ತಪ್ಪಲಿಲ್ಲ. ಊಟಕ್ಕೆ ಕೂತಾಗ, ಎಮ್ಮೆ ಕಟ್ಟುವಾಗ ಅವನ ತುಟಿ ಅಲುಗುತ್ತಿತ್ತು. ಮರಿಲಿಂಗಮ್ಮ ಬಂದರೆ ನಿಲ್ಲುತ್ತಿತ್ತು.

ಮಣ್ಣು ಬಂತು, ಮಾಳಿಗೆ ಮುಗಿಯಲಿಲ್ಲ. ಅಂಬ್ರಪ್ಪನಿಗೆ ಬೆಳಿಗ್ಗೆ ಹಳ್ಳ, ಮಧ್ಯಾಹ್ನ ಪರದೆ ಹೊಲಿಸುವುದು, ಸಂಜೆ ಉಳಿದ ಪಾತ್ರಧಾರಿಗಳ ತಾಲೀಮು. ಮನೆಯ ಮುಂದೆ ಕರಲು ಮಣ್ಣಿನ ಗುಡ್ಡೆ ದಿನದಿನಕ್ಕೆ ಬೆಳೆಯಿತು. ನೀರು ಹಾಕಿ ತುಳಿದು ಮೇಲೆ ಏರಿಸುವವರಿಲ್ಲ.

"ಮುಗಲು ಕರ್ರಗಾದಾಗ ನಿನ್ನ ರಾಜ ಬಂದು ಮಾಳಗಿ ಮುಚ್ಚತಾನೇನು?" ಎಂದು ಮರಿಲಿಂಗಮ್ಮ ಒಂದು ಮಧ್ಯಾಹ್ನ ಮಗನಿಗೆ ಮಜ್ಜಿಗೆ ಬಡಿಸುತ್ತ ಕೇಳಿದಳು.

"ನಾಟಕ ಆಗಲಿ ಯವ್ವಾ, ಎರಡು ದಿನದಾಗ ಮುಗಸತೀನಿ."

"ನನಗೂ ನಾಟಕ ಆದ ಮ್ಯಾಲೇ ಅಂದಾರರೀ ಅತ್ತಿ" ಎಂದು ದೇವಕಮ್ಮ ಒಲೆಯ ಮುಂದಿನಿಂದಲೇ ಹೇಳಿದಳು. ಅವಳ ಸಿಟ್ಟು ಮಾತಿನಲ್ಲಿ ಇರಲಿಲ್ಲ, ರೊಟ್ಟಿ ಬಡಿಯುವ ಸಪ್ಪಳದಲ್ಲಿ ಇತ್ತು. "ಸೂಟಿ ಅರ್ಧ ಮುಗೀತು. ನಮ್ಮವ್ವ ದಿನಾ ಹಾದಿ ನೋಡತಿರತಾಳ. ನಾಟಕದಾಗಿನ ರಾಣಿ ಸತ್ತರ ಇವರಿಗೆ ಕಣ್ಣೀರು ಬರತಾವ, ಮನ್ಯಾಗಿನ ಹೆಂಡತಿ ಮಾರಿ ಮಾತ್ರ ಕಾಣಸೂದಿಲ್ಲ."

ಅಂಬ್ರಪ್ಪ ಕಲೆಯ ವಿಷಯ ಏನೋ ಹೇಳಹೋದ. ಇಬ್ಬರು ಹೆಂಗಸರೂ ಒಟ್ಟಿಗೆ ಎದ್ದು ನೀರಿಗೆ ಹೋದರು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತೇ ಕಸುಬಾದವನಿಗೆ ಆ ಗಾದೆ ನಡೆಯುವುದಿಲ್ಲ.

ಒಂದು ದಿನ ಬುತ್ತಿ ಕೊಡಲು ದೇವಕಮ್ಮನೇ ಹಳ್ಳಕ್ಕೆ ಹೋದಳು. ಅಂಬ್ರಪ್ಪ ಆಚೆ ದಂಡೆಯಲ್ಲಿ ಅಗೆಯುತ್ತಿದ್ದ. ಮರಿಲಿಂಗಪ್ಪ ಒಬ್ಬನೇ ಒಂದು ಬೋರೆ ಗಿಡದ ಮುಂದೆ ನೆಟ್ಟಗೆ ನಿಂತು ಮಾತು ಹೇಳುತ್ತಿದ್ದ. ಮೇಲಿನ ಓಣಿಯಲ್ಲಿ ಬೆನ್ನು ಬಗ್ಗಿಸಿಯೇ ನಡೆಯುವ ಮಾವನನ್ನು ಹಾಗೆ ಅವಳು ಎಂದೂ ಕಂಡಿರಲಿಲ್ಲ. ಮಡಿಲಿನಲ್ಲಿ ಬೆಳೆದ ಎಂಬಲ್ಲಿಗೆ ಬಂದು ಮುದುಕ ನಿಂತುಬಿಟ್ಟ. ಮತ್ತೆ ಮೊದಲಿನಿಂದ ಹೇಳಿದ, ಮತ್ತೆ ಅಲ್ಲಿಗೇ ನಿಂತ. ಮೂರನೆಯ ಸಲ ನಿಂತಾಗ ಗಿಡದ ಮುಂದೆ ಕುಕ್ಕರಿಸಿ ಹೆಗಲ ಮೇಲಿನ ವಲ್ಲಿಯನ್ನು ಮುಖಕ್ಕೆ ಒತ್ತಿಕೊಂಡ. ದೇವಕಮ್ಮ ಬುತ್ತಿಯನ್ನು ಕಲ್ಲಿನ ಮೇಲೆ ಇಟ್ಟು ಸದ್ದಿಲ್ಲದೆ ಬಂದಳು.

ಅಂದು ಸಂಜೆ ಹಿಟ್ಟು ನಾದುತ್ತ ಅತ್ತೆಗೆ ಕಂಡದ್ದನ್ನು ಹೇಳಿದಳು. ಮಾವ ದೂತನಾಗಲು ಹೊರಟದ್ದು ಕುಣಿಯುವ ಆಸೆಗಲ್ಲ ಎಂದಳು. ಆ ಬೋರೆ ಗಿಡ ರಾಣಿ ಅಲ್ಲರೀ ಅತ್ತಿ, ಅದು ನೀವು ಎಂದಳು. ಮರಿಲಿಂಗಮ್ಮ ಹಂಚಿನ ಮೇಲೆ ರೊಟ್ಟಿ ಹಾಕಿದ್ದಳು. ಅದು ಕಪ್ಪಾಗಿ ಹೊಗೆ ಬರುವ ತನಕ ಮಗುಚಲಿಲ್ಲ.

ನಾಟಕದ ದಿನ ಬಂತು. ಸೂಟಿ ಮುಗಿಯಲು ಇನ್ನು ಕೆಲವೇ ದಿನ ಉಳಿದಿದ್ದವು. ರಾಜನ ಪಾರ್ಟಿನವನು, ಮಂತ್ರಿಯ ಪಾರ್ಟಿನವನು ಇಬ್ಬರೂ ಮರುದಿನ ಯಾದಗಿರಿಯ ಗಿರಣಿಗೆ ಕೂಲಿಗೆ ಹೊರಡುವವರು. ಮಧ್ಯಾಹ್ನದಿಂದಲೇ ಮರಗಮ್ಮನ ಗುಡಿಯ ಮುಂದೆ ಕಂಬ ನೆಟ್ಟು ಪರದೆ ಕಟ್ಟಿದರು. ಬೇರೆ ಕೇರಿಗಳಿಂದಲೂ ಜನ ಬರುತ್ತಾರೆಂದು ಸುದ್ದಿ ಇತ್ತು. ಲಾಡ್ಲೇಸಾಬ ಮರಿಲಿಂಗಪ್ಪನಿಗೆ ಕೆಂಪು ರುಮಾಲು ಸುತ್ತಿ, ಕನ್ನಡಿ ಹಿಡಿದು ತೋರಿಸಿದ. ಮುದುಕ ಕನ್ನಡಿಯನ್ನು ಬಹಳ ಹೊತ್ತು ನೋಡಿದ. ನಿಮ್ಮವ್ವ ಬರತಾಳೇನು ಎಂದು ಮಗನನ್ನು ಕೇಳಿದ. ಬರುತ್ತಾಳೆ ಎಂದು ದೇವಕಮ್ಮ ಹೇಳಿದಳು. ಮರಿಲಿಂಗಮ್ಮ ಬರುತ್ತೇನೆ ಎಂದೂ ಹೇಳಿರಲಿಲ್ಲ, ಇಲ್ಲ ಎಂದೂ ಹೇಳಿರಲಿಲ್ಲ. ಆದರೆ ತೊಳೆದ ಸೀರೆ ಉಟ್ಟಿದ್ದಳು.

ಹೊತ್ತು ಇಳಿಯುವ ಮುಂಚೆ ಗೌಡರ ಮನೆಯ ಆಳು ಬಾಲಪ್ಪ ಕೇರಿಯ ಬಾಯಿಗೆ ಬಂದು ನಿಂತ. ಗೌಡರ ತಾಯಿ ತೀರಿಕೊಂಡಿದ್ದರು. ಸುರಪುರದಲ್ಲಿರುವ ಆ ಮುದುಕಿಯ ಮಗಳ ಮನೆಗೆ ಸುದ್ದಿ ಹೋಗಬೇಕು. ಮಗಳು ಬರುವ ತನಕ ಹೆಣ ಎತ್ತುವುದಿಲ್ಲ.

ಊರಲ್ಲಿ ಹೆಣ ಇರುವಾಗ ನಾಟಕವಿಲ್ಲ. ಅದನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಪರದೆ ಬಿಚ್ಚುವವರು ಬಿಚ್ಚತೊಡಗಿದರು. ಅಂಬ್ರಪ್ಪ ಮಾತ್ರ ಅಪ್ಪನಿಗೆ ಅಡ್ಡ ನಿಂತ.

"ನಾಟಕ ಹೋದರ ಹೋಗಲಿ. ನೀ ಹೋಗಬ್ಯಾಡಪ್ಪಾ. ಮುಂಜಾನಿ ಬಸ್ಸಿಗೆ ಅವರ ಆಳೇ ಹೋಗಲಿ. ಈಗ ಯಾರೂ ನಿನ್ನ ಕೈ ಹಿಡಿದು ಕಳಸೂದಿಲ್ಲ."

ಮರಿಲಿಂಗಪ್ಪ ಕೆಂಪು ರುಮಾಲನ್ನು ಬಿಚ್ಚಿ ಮಡಚುತ್ತಿದ್ದ. "ಸುರಪುರದಾಗ ಆಕಿ ಮಗಳಿದ್ದಾಳೋ. ಗೊತ್ತಿಲ್ಲದ ಕೂತಿರತಾಳ. ತಾಯಿ ಮಾರಿ ನೋಡೂದು ಬ್ಯಾಡೇನು?" ಎಂದ.

ಅಂಬ್ರಪ್ಪನ ಒಂದು ಸೂಟಿಯ ದುಡಿಮೆ ಕಣ್ಣ ಮುಂದೆಯೇ ಪರದೆಯ ಜೊತೆ ಗಂಟು ಕಟ್ಟಿ ಹೋಗುತ್ತಿತ್ತು. ಆ ಉರಿಯಲ್ಲಿ ಅವನು ಆಡಬಾರದ ಮಾತು ಆಡಿದ. "ಹೋಗು ಹಂಗಾದರ. ದೂತನ ಪಾರ್ಟು ನಿನಗ ಹುಟ್ಟಿದಾಗೇ ಕೊಟ್ಟಾರ."

ಮುದುಕ ಮಗನ ಕಡೆ ನೋಡಲಿಲ್ಲ. ರುಮಾಲನ್ನು ಲಾಡ್ಲೇಸಾಬನ ಕೈಗೆ ಕೊಟ್ಟು, ಮನೆಯ ಮೂಲೆಯಲ್ಲಿದ್ದ ಕೈಕೋಲು ತೆಗೆದುಕೊಂಡು ನಡೆದ. ದೇವಕಮ್ಮ ಗಂಡನಿಗೆ, ಆ ಮಾತು ನಿಮ್ಮ ನಾಟಕದಾಗ ಬರೀಬ್ಯಾಡ್ರಿ ಎಂದಷ್ಟೇ ಹೇಳಿದಳು. ಅಂಬ್ರಪ್ಪ ಆ ಸಂಜೆ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವನು ಯಾರೂ ಹೇಳದೆಯೇ ಕರಲು ಮಣ್ಣಿಗೆ ನೀರು ಹಾಕಿ ತುಳಿಯತೊಡಗಿದ. ದೇವಕಮ್ಮ ಬುಟ್ಟಿ ಎತ್ತಿ ಕೊಟ್ಟಳು, ಮರಿಲಿಂಗಮ್ಮ ಮೇಲೆ ಕೂತು ಕೈಯಿಂದ ಸವರಿದಳು. ಮಧ್ಯಾಹ್ನದ ಹೊತ್ತಿಗೆ ಅಡುಗೆಯ ಮೂಲೆ ಮುಚ್ಚಿತು. ನಾಳೆ ದೇವಕಮ್ಮ ಬೋನಾಳಕ್ಕೆ ಹೋಗಲಿ ಎಂದು ಮರಿಲಿಂಗಮ್ಮನೇ ಹೇಳಿ, ಮಾಡಿದ ಶೇಂಗಾ ಹಿಂಡಿಯನ್ನು ಬೀಗರಿಗೆಂದು ಡಬ್ಬಿಗೆ ತುಂಬಿದಳು.

ಹೊತ್ತು ಇಳಿದ ಮೇಲೆ ಮರಿಲಿಂಗಪ್ಪ ಬಂದ. ಸುರಪುರದ ಮಗಳು ಬಂಡಿಯಲ್ಲಿ ಅವನಿಗಿಂತ ಮುಂಚೆಯೇ ಬಂದು ಮುಟ್ಟಿದ್ದಳು. ಮುದುಕನ ಕಾಲು ಮೊಣಕಾಲಿನ ತನಕ ಧೂಳಾಗಿತ್ತು. ಪಡಸಾಲೆಯಲ್ಲಿ ಕೂತು ಗೋಡೆಗೆ ಒರಗಿದ. ಮರಿಲಿಂಗಮ್ಮ ನೀರಿನ ಚರಗಿ ತಂದು ಅವನ ಮುಂದೆ ಇಟ್ಟು, ಎಂದಿನ ಹಾಗೆ ಒಳಗೆ ಹೋಗದೆ ಅಲ್ಲೇ ಕೂತಳು.

"ಅಲ್ಲಿ ಏನಂತ ಹೇಳ್ದಿ?"

"ಯಾವಾಗಲೂ ಹೇಳೂದೇ ಹೇಳ್ದೆ."

"ಆಕಿ ಅತ್ತಳೇನು?"

"ಗೊತ್ತಿಲ್ಲ. ಹೇಳಿ ತಿರುಗಿ ಬರತೀನಲ್ಲ. ಇಷ್ಟು ವರ್ಷದಾಗ ಯಾರು ಅತ್ತದ್ದೂ ನಾ ನೋಡಿಲ್ಲ." ಅವನು ಚರಗಿಯನ್ನು ಹಿಡಿದುಕೊಂಡ, ಕುಡಿಯಲಿಲ್ಲ. "ನೀ ಅತ್ತದ್ದೂ ನೋಡಿಲ್ಲ."

"ನಾ ಅತ್ತಿಲ್ಲ" ಎಂದಳು ಮರಿಲಿಂಗಮ್ಮ.

ಅಂಬ್ರಪ್ಪ ಕೈಯ ಮಣ್ಣು ತೊಳೆಯುತ್ತಿದ್ದವನು ಹಾಗೆಯೇ ನಿಂತ.

"ನಿನ್ನ ಮಗಗ ಹೆಚ್ಚು ಕಡಿಮಿ ಆಗ್ಯಾದ ಅಂದಿ. ಅಂದು ಹೋದಿ. ನನಗ ಇಬ್ಬರು ಮಕ್ಕಳಿದ್ದರು. ಒಬ್ಬ ಹಮಾಲಿಗೆ, ಒಬ್ಬ ಸಾಲಿಗೆ, ಇಬ್ಬರೂ ಯಾದಗಿರ್ಯಾಗೇ ಇದ್ದರು. ಯಾವ ಮಗ ಅಂತ ಯಾರನ್ನ ಕೇಳಲಿ ನಾನು?"

ಮರಿಲಿಂಗಪ್ಪ ಚರಗಿಯನ್ನು ನೆಲಕ್ಕೆ ಇಟ್ಟ. ಇಷ್ಟು ವರ್ಷ ಅವನು ತಾನು ಓಣಿಯಲ್ಲಿ ನಿಂತು ಹೇಳಿದ್ದಕ್ಕೆ ಕೊರಗಿದ್ದ. ಹೆಸರು ಹೇಳಲಿಲ್ಲ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಹೆಸರು ಹಿಡಿಯಬಾರದೆಂಬ ಪದ್ಧತಿ ಅವನ ನಾಲಿಗೆಯಲ್ಲಿ ಅಷ್ಟು ಬೇರು ಬಿಟ್ಟಿತ್ತು.

ಮರಿಲಿಂಗಮ್ಮ ಯಾರ ಮುಖವನ್ನೂ ನೋಡದೆ ಹೇಳಿದಳು. "ರಾತ್ರೆಲ್ಲ ಬಾಗಲಾಗ ಕೂತೆ. ಒಮ್ಮಿ ದ್ಯಾವಪ್ಪ ಉಳೀಲಿ ಅಂತಿದ್ದೆ, ಒಮ್ಮಿ ಅಂಬ್ರು ಉಳೀಲಿ ಅಂತಿದ್ದೆ. ತಾಯಿ ಆದಾಕಿ ಹಂಗ ಬೇಡಬಾರದು. ಬೇಡಿದೆ. ಮುಂಜಾನಿ ಇವ ಹೊಲ ಹಾಯ್ದು ಬಂದ. ಇವನ್ನ ನೋಡಿ ನಕ್ಕೆ ನಾನು. ಓಡಿ ಹೋಗಿ ಹಿಡಕೊಂಡು ನಕ್ಕೆ. ನಕ್ಕ ಮ್ಯಾಲ ತಿಳೀತು ಸತ್ತಾಂವ ಅವ ಅಂತ. ನಕ್ಕ ಬಾಯಿಲೆ ಹ್ಯಾಂಗ ಅಳಲಿ?"

ಅಂಬ್ರಪ್ಪನಿಗೆ ಆ ಬೆಳಗು ನೆನಪಿತ್ತು. ಅಣ್ಣನನ್ನು ಹಮಾಲರ ಜೊತೆ ಮಣ್ಣು ಮಾಡಿ, ಗದ್ದಲದ ದೊಡ್ಡ ರಸ್ತೆಗೆ ಹೆದರಿ ಹೊಲಗಳ ನಡುವೆ ನಡೆದು ಬಂದಿದ್ದ ಅವನನ್ನು ತಾಯಿ ತಬ್ಬಿಕೊಂಡು ನಕ್ಕಿದ್ದಳು. ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡಿದ್ದ. ನಾಟಕದ ರಾಜನ ಹುಚ್ಚು ನಗುವನ್ನು ಅವನು ಅಲ್ಲಿಂದಲೇ ತೆಗೆದು ಬರೆದಿದ್ದ.

ಮರಿಲಿಂಗಪ್ಪ ಎದ್ದು ಹೊರಗೆ ಹೋದ. ಮತ್ತೆ ಹೊರಟನೆಂದೇ ದೇವಕಮ್ಮ ತಿಳಿದಳು. ಅವನು ಓಣಿಗೆ ಇಳಿದು, ಅಂದು ನಿಂತ ಜಾಗದಲ್ಲಿ ಕೈಕೋಲನ್ನು ನೆಲಕ್ಕೆ ಇಟ್ಟ. ಇಟ್ಟು, ಹೊಸ್ತಿಲು ದಾಟಿ ಒಳಗೆ ಬಂದ. ಹೆಂಡತಿಯ ಎದುರಿಗೆ ನೆಟ್ಟಗೆ ನಿಂತ.

"ಹಾ, ಮಹಾಮಾತೆಯೇ" ಎಂದ. "ನಡುಹಗಲಿನಲ್ಲಿಯೇ ಸೂರ್ಯನು ಅಸ್ತಮಿಸಿದನು. ನಿನ್ನ ಉದರದಲ್ಲಿ ಉದಿಸಿ ನಿನ್ನ ಮಡಿಲಿನಲ್ಲಿ ಬೆಳೆದ ರಾಜಕುಮಾರ..."

"ರಾಜಕುಮಾರ ಬ್ಯಾಡ" ಎಂದಳು ಮರಿಲಿಂಗಮ್ಮ. "ಹೆಸರು ಹಿಡಿದು ಹೇಳು."

ಮುದುಕ ಆ ಸಾಲನ್ನು ಮತ್ತೆ ಹಿಡಿದ. "ನಿನ್ನ ಮಡಿಲಿನಲ್ಲಿ ಬೆಳೆದ ನಮ್ಮ ದ್ಯಾವಪ್ಪನು ಇನ್ನಿಲ್ಲ. ಆ ವಾರ್ತೆಯನ್ನು ಹೊತ್ತು ತಂದ ಪಾಪಿಯು ನಾನು. ನನ್ನ ಕಾಲುಗಳು ಮುರಿಯಲಿಲ್ಲ, ನನ್ನ ನಾಲಿಗೆಯು ಸೀಳಲಿಲ್ಲ. ನಿನ್ನ ಕಣ್ಣೀರಿನ ಮುಂದೆ ನಿಂತಿದ್ದೇನೆ ತಾಯೇ."

ಶಪಿಸು ಎಂಬ ಮಾತು ಉಳಿದಿತ್ತು. ಅದನ್ನು ಹೇಳಲು ಆಗಲಿಲ್ಲ. ಮರಿಲಿಂಗಮ್ಮನ ಬಾಯಿಂದ ಮೊದಲು ಒಂದು ಕೂಗು ಬಂತು. ಅವಳದೆಂದು ಯಾರೂ ಗುರುತು ಹಿಡಿಯಲಾರದಂಥ ಕೂಗು. ಆಮೇಲೆ ಹಾಡು ಬಂತು. ರೈಲಿನ ಊರಿಗೆ ಹೋದ ನನ ದ್ಯಾವಾ, ಬುತ್ತಿ ಕಟ್ಟಿ ಕಳಿಸಿದ್ದೆ, ಬುತ್ತಿಯ ಅರಿವಿ ತಿರುಗಿ ಬರಲಿಲ್ಲೋ ನನ ಮಗನ. ಹಮಾಲಿ ಹೊತ್ತು ಹೆಗಲು ನೊಂದಿತ್ತು, ಎಣ್ಣಿ ಹಚ್ಚತೀನಿ ಅಂದಿದ್ದೆ, ಹೆಗಲು ಕೊಡಲಿಲ್ಲೋ ನನ ಮಗನ ಎಂದು ನೆಲ ಬಡಿಬಡಿದು ಹಾಡಿಕೊಂಡು ಅತ್ತಳು. ದೇವಕಮ್ಮ ಅತ್ತೆಯ ತಲೆಯನ್ನು ಎದೆಗೆ ಒತ್ತಿ ಹಿಡಿದಳು.

ಅಳುವ ದನಿ ಕೇಳಿ ಕೇರಿಯವರು ಓಡಿ ಬಂದರು. ಮುಂದಿನ ಮನೆಯ ಮೋನಮ್ಮ ಹಿಟ್ಟಿನ ಕೈಯಲ್ಲೇ ಬಂದಳು, ಲಾಡ್ಲೇಸಾಬ ಹೊಲಿಗೆ ಬಿಟ್ಟು ಬಂದ. ಯಾರಿಗೆ ಏನಾಯಿತು ಎಂದು ಕೇಳಿದರು. ಒಳಗಿನವರು ಯಾರೂ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ಅಂಬ್ರಪ್ಪ ಒದ್ದೆ ಕೈಯಲ್ಲೇ ಓಣಿಗೆ ಇಳಿದ. ಸುದ್ದಿ ಹೇಳುವ ಚಾಕರಿ ಅಪ್ಪನ ತಲೆಮಾರಿಗೇ ಮುಗಿಯಲಿ ಎಂದವನು ಅಪ್ಪನ ಕೈಕೋಲಿನ ಹತ್ತಿರ ನಿಂತು ಕೇರಿಗೆ ಹೇಳಿದ.

"ನಮ್ಮಣ್ಣ ದ್ಯಾವಪ್ಪ ತೀರಿಕೊಂಡಾನರಿ."

ಯಾವಾಗ ಎಂದು ಯಾರೂ ಕೇಳಲಿಲ್ಲ. ಹೆಂಗಸರು ಒಳಗೆ ಹೋಗಿ ಮರಿಲಿಂಗಮ್ಮನ ಸುತ್ತ ಕೂತು ದನಿ ಕೂಡಿಸಿದರು. ಗಂಡಸರು ಕರಲು ಮಣ್ಣಿನ ಗುಡ್ಡೆಯ ಪಕ್ಕದಲ್ಲಿ ತಲೆ ತಗ್ಗಿಸಿ ಕೂತರು. ದೇವಕಮ್ಮ ಬೋನಾಳಕ್ಕೆ ಕಟ್ಟಿದ್ದ ಗಂಟನ್ನು ಬಿಚ್ಚಿ ಗೂಡಿನಲ್ಲಿ ಇಟ್ಟಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ; ಅವಳೂ ಹಚ್ಚಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮೋನಮ್ಮನ ಮನೆಯಿಂದ ರೊಟ್ಟಿ ಬ್ಯಾಳಿ ಬಂತು, ಇನ್ನೊಂದು ಮನೆಯಿಂದ ನುಚ್ಚು ಬಂತು.

ಮರಿಲಿಂಗಪ್ಪ ಹೆಂಡತಿಯ ಎದುರಿಗೇ ಕೂತವನು ಅಲ್ಲಿಂದ ಏಳಲಿಲ್ಲ. ಸುದ್ದಿ ಹೇಳಿದ ಮೇಲೆ ಅಳು ನಿಲ್ಲುವ ತನಕ ಅವನು ಕೂತದ್ದು ಅದೇ ಮೊದಲು. ಮೋನಮ್ಮ ತಂದ ರೊಟ್ಟಿಯನ್ನು ಮುರಿದು, ಬ್ಯಾಳಿಗೆ ಅದ್ದಿ, ಹೆಂಡತಿಯ ಬಾಯಿಯ ಹತ್ತಿರ ಹಿಡಿದ. ಅವಳು ತಲೆ ಅಲ್ಲಾಡಿಸಿದಳು. ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ಬಾಯಿ ತೆರೆದಳು.